ಬೆಲ್ಲ ತಿಂದ ದಿನ

ಮೊದಲು ಕೈಕೊಟ್ಟಿದ್ದು ಉಸಿರು. ಎದೆನೋವಲ್ಲ.

ನಾನು ಅಕ್ಕಸಾಲಿಗ. ಶ್ರೀರಂಗಪಟ್ಟಣದ ಪೇಟೆಯಲ್ಲಿ ಅಪ್ಪನ ಕಾಲದ ಅಂಗಡಿ. ಬೆಸುಗೆ ಹಾಕುವಾಗ ದೀಪದ ಉರಿಯನ್ನು ಊದುಗೊಳವೆಯಿಂದ ಒಡವೆಯ ಮೇಲೆ ಹಾಯಿಸಬೇಕು. ಉಸಿರು ಕಡಿಯಬಾರದು. ಕೆನ್ನೆಯಲ್ಲಿ ಗಾಳಿ ಹಿಡಿದು, ಮೂಗಿನಲ್ಲಿ ಎಳೆದುಕೊಳ್ಳುತ್ತಾ ಊದುತ್ತಲೇ ಇರುವುದು ನಮಗೆ ಎಲೆ ಅಡಿಕೆ ಜಗಿದಷ್ಟು ಸಲೀಸು. ಆವತ್ತು ಪಾಲಹಳ್ಳಿ ಸಿದ್ದೇಗೌಡರ ಸೊಸೆಯ ಓಲೆಗೆ ಬೆಸುಗೆ ಹಾಕುತ್ತಿದ್ದೆ. ಉರಿ ಅಲ್ಲಾಡಿತು. ಇನ್ನೊಮ್ಮೆ ಊದಿದೆ. ಆಗಲಿಲ್ಲ. ಕೊಳವೆ ಕೆಳಗಿಟ್ಟೆ.

ಎದುರಿಗೆ ಕೂತಿದ್ದ ಗೌಡರು, "ಯಾಕ್ ಆಚಾರ್ರೇ, ಇಂಗೆ ಏದುಸಿರು ಬುಡ್ತಾ ಇದೀರಿ?" ಅಂದರು.

"ವಯಸ್ಸಾಯ್ತು ಕಣ್ ಗೌಡ್ರೆ," ಅಂದೆ. ಐವತ್ತು ಕೂಡ ತುಂಬಿರಲಿಲ್ಲ.

ಸಕ್ಕರೆ ಕಾಯಿಲೆ ಬಂದು ವರ್ಷಗಳೇ ಆಗಿದ್ದವು. ಮಾತ್ರೆ ನುಂಗುತ್ತಿದ್ದೆ. ನೋಯುವಂಥದ್ದು ಕಾಯಿಲೆ: ಹಲ್ಲುನೋವು, ಬೆನ್ನುನೋವು. ಇದು ಬಾಯಿಗೆ ಬೀಗ ಹಾಕುವ ಒಂದು ಕಿರಿಕಿರಿ ಅಷ್ಟೇ ಎಂದುಕೊಂಡಿದ್ದೆ. ಆದರೆ ಆ ವಾರ ಕಾಲು ಊದಿಕೊಂಡಿತು. ಅಂಗಳ ದಾಟಿದರೆ ಸಾಕು, ಮೇಲುಸಿರು. ನನ್ನ ಹೆಂಡತಿ ಗೌರಮ್ಮ ನನ್ನ ಮಾತು ಕೇಳುವವಳೇ ಅಲ್ಲ. ಎಳೆದುಕೊಂಡು ಹೋಗಿ ಮೈಸೂರು ಬಸ್ಸು ಹತ್ತಿಸಿದಳು.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ಡಾಕ್ಟರಮ್ಮ ಆ ಉದ್ದನೆಯ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು.

"ಹಾರ್ಟ್ ಅಟ್ಯಾಕ್ ಆಗಿದ್ದು ಯಾವಾಗ?"

"ಆಗೇ ಇಲ್ವಲ್ಲ."

"ಆಗಿದೆ. ಇದು ಹಳೆಯದು."

ನನಗೆ ರೇಗಿಹೋಯಿತು. "ಅಲ್ಲಮ್ಮ, ನನ್ನ ಎದೆಗೆ ಅಟ್ಯಾಕ್ ಆದ್ರೆ ನಂಗೆ ಗೊತ್ತಾಗದು ಬ್ಯಾಡ್ವಾ? ಇದು ಯಾರದೋ ಬೇರೆಯವ್ರುದ್ದು ಇರ್ಬೇಕು ನೋಡಿ."

ಅವರು ಸಿಟ್ಟಾಗಲಿಲ್ಲ. ಎಕೋ ಮಾಡಿಸಿದರು. ಪರದೆಯ ಮೇಲೆ ನನ್ನ ಹೃದಯ ಬಡಿಯುತ್ತಿತ್ತು. ಒಂದು ಕಡೆ ಮಾತ್ರ ಅಲ್ಲಾಡುತ್ತಿರಲಿಲ್ಲ. ಬಹಳ ವರ್ಷ ಸಕ್ಕರೆ ಇದ್ದವರ ನರಗಳು ಮಂಕಾಗಿರುತ್ತವೆ, ಕೆಲವರಿಗೆ ಎದೆ ನೋಯುವುದೇ ಇಲ್ಲ, ಬರೀ ಬೆವರು, ಸುಸ್ತು, ಉಸಿರುಗಟ್ಟುವುದು, ಅಷ್ಟೇ ಎಂದರು. ಉಳಿದ ಭಾಗ ಸೋತಿದೆ, ಅದಕ್ಕೇ ಶ್ವಾಸಕೋಶದಲ್ಲಿ ನೀರು.

ನನ್ನ ಎದೆಯ ಒಂದು ತುಂಡು ಸತ್ತುಹೋಗಿತ್ತು. ನನಗೇ ಸುದ್ದಿ ಇರಲಿಲ್ಲ.

ವಾರ್ಡಿನಲ್ಲಿ ಮಲಗಿ ಅದನ್ನೇ ಯೋಚಿಸಿದೆ. ಯಾವ ದಿನ? ಅದು ಆಗುತ್ತಿದ್ದಾಗ ನಾನೇನು ಮಾಡುತ್ತಿದ್ದೆ? ತಾಳಿ ಗುಂಡು ಉಜ್ಜುತ್ತಿದ್ದೆನಾ, ಬಸ್ಸಿಗೆ ಕಾಯುತ್ತಿದ್ದೆನಾ? ಮನೆಗೆ ಕಳ್ಳ ನುಗ್ಗಿ ಹೋದದ್ದು ತಿಂಗಳುಗಟ್ಟಲೆ ಆದ ಮೇಲೆ ತಿಳಿದ ಹಾಗಾಗಿತ್ತು. ಗೌರಮ್ಮ ಪಕ್ಕದ ಸ್ಟೂಲಿನ ಮೇಲೆ ಕೂತು ನನ್ನ ಪಂಚೆ ಮಡಿಸುತ್ತಿದ್ದಳು. ಮಡಿಸುವುದನ್ನು ನಿಲ್ಲಿಸಿದಳು.

"ಬೆಲ್ಲ," ಅಂದಳು.

ಹಿಂದಿನ ಸುಗ್ಗಿಯಲ್ಲಿ ಸಿದ್ದೇಗೌಡರು ಅವರ ಆಲೆಮನೆಯಿಂದ ಹೊಸ ಅಚ್ಚುಬೆಲ್ಲ ತಂದುಕೊಟ್ಟಿದ್ದರು. ಗೌರಮ್ಮ ಅದನ್ನು ನನ್ನ ಕಣ್ಣಿಗೆ ಬೀಳದ ಹಾಗೆ ಅಟ್ಟದ ಮೇಲಿಟ್ಟಿದ್ದಳು. ಒಂದು ಮಧ್ಯಾಹ್ನ ಅಂಗಡಿಯಿಂದ ಬಂದವನು ಹಜಾರದಲ್ಲೇ ಕುಸಿದು ಕೂತೆ. ಅಂಗಿ ಹಿಂಡಿದರೆ ನೀರು ಬರುವಷ್ಟು ಬೆವರು, ಕೈ ನಡುಕ. ಬೆವತು ನಡುಗಿದರೆ ಸಕ್ಕರೆ ಇಳಿದಿರುತ್ತದೆ, ತಕ್ಷಣ ಸಿಹಿ ತಿನ್ನಿ ಎಂದು ನಮ್ಮ ಡಾಕ್ಟರು ಮೊದಲೇ ಹೇಳಿದ್ದರು. ಗೌರಮ್ಮ ಓಡಿಹೋಗಿ ಬೆಲ್ಲ ಕುಟ್ಟಿ ತಂದು, ತಾನೇ ಬಾಯಿಗೆ ಹಾಕಿದಳು. ನಾನು ಇನ್ನೊಂದು ತುಂಡಿಗೆ ಬಾಯಿ ತೆರೆದೆ.

"ದಿನಾ ಇಂಗೇ ಸಕ್ರೆ ಇಳೀಲಿ ಬುಡು, ಬೆಲ್ಲನಾರ ಸಿಕ್ತದೆ," ಅಂದಿದ್ದೆ. ಅವಳೂ ನಕ್ಕಿದ್ದಳು. ಸಂಜೆಗೆ ಬೆವರು ಆರಿತು. ಆಮೇಲೆ ಎಷ್ಟೋ ಸಲ ಆ ದಿನ ಎತ್ತಿ ಅವಳನ್ನು ರೇಗಿಸಿದ್ದೇನೆ. ನನ್ನ ಲೆಕ್ಕದಲ್ಲಿ ಅದು ಖುಷಿಯ ದಿನ.

ಆ ದಿನ.

"ನಾನು ಬೆಲ್ಲ ತಿನ್ನುಸ್ಬುಟ್ಟು ನಗ್ತಾ ಕೂತಿದ್ನಲ್ಲ," ಅಂತ ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ನಾನೇ ಹೆದರಿಹೋಗಿದ್ದೆ.

ಡಾಕ್ಟರಮ್ಮನನ್ನು ಕೇಳಿದೆ. "ಆ ದಿನವೇ ಅಂತ ಹೇಳಕ್ಕಾಗಲ್ಲ, ಇರಬಹುದು," ಅಂದರು. ಆಮೇಲೆ ಗೌರಮ್ಮನ ಕಡೆ ತಿರುಗಿ, "ಸಿಹಿ ಕೊಟ್ಟಿದ್ದು ತಪ್ಪಲ್ಲಮ್ಮ. ಇನ್ನೊಂದ್ಸಲ ಹಾಗೆ ಬೆವತರೆ, ಸಿಹಿ ಕೊಟ್ಟು ಸುಮ್ಮನಿರಬೇಡಿ. ನೋವಿಗೆ ಕಾಯಬೇಡಿ. ಸೀದಾ ಇಲ್ಲಿಗೆ ಕರ್ಕೊಂಡು ಬನ್ನಿ," ಅಂದರು.

ನೀರು ಇಳಿಯಿತು. ಮನೆಗೆ ಬಂದೆ. ಆಪರೇಷನ್ ಮಾತು ಸದ್ಯಕ್ಕೆ ಬೇಡ, ಮಾತ್ರೆ ಮತ್ತು ಇನ್ಸುಲಿನ್‌ನಲ್ಲೇ ನೋಡೋಣ ಎಂದಿದ್ದಾರೆ. ಫ್ರಿಜ್ಜಿಲ್ಲದ ಮನೆ, ಇನ್ಸುಲಿನ್ ಸೀಸೆ ಒದ್ದೆ ಮರಳಿನ ಮೇಲಿಟ್ಟ ಮಡಕೆಯಲ್ಲಿದೆ. ಎದುರಿನ ಎಸ್‌ಟಿಡಿ ಬೂತಿನವನಿಗೆ ಗೌರಮ್ಮ ಹೇಳಿಟ್ಟಿದ್ದಾಳೆ: ತಾನು ಕೂಗಿದ ತಕ್ಷಣ ಬಾಡಿಗೆ ಕಾರಿಗೆ ಫೋನು ಮಾಡಬೇಕು. ಬದುಕಿದ್ದೇನೆ, ಅದೇ ದೊಡ್ಡದು.

ಊದುಗೊಳವೆ ಮುಟ್ಟುವ ಹಾಗಿಲ್ಲ. ಗಾಳಿಗೆ ಕಾಲಿನಲ್ಲಿ ತುಳಿಯುವ ತಿದಿ ತಂದಿದ್ದೇನೆ. ಗೌರಮ್ಮ ಪಕ್ಕದಲ್ಲಿ ಕೂತು ತುಳಿಯುತ್ತಾಳೆ. ಸಿದ್ದೇಗೌಡರ ಸೊಸೆಯ ಓಲೆ ಹಾಗೇ ಮುಗಿಯಿತು. ಆದರೆ ಉರಿಯ ಮುಂದೆ ಕೂತ ಅಕ್ಕಸಾಲಿಗ ಬೆವರದೆ ಇರುತ್ತಾನಾ? ನನ್ನ ಹಣೆಯಲ್ಲಿ ಹನಿ ಕಂಡರೆ ಸಾಕು, ಅವಳ ಕಾಲು ನಿಲ್ಲುತ್ತದೆ.

"ಇದು ಉರೀದಾ, ಅದಾ?"

"ಉರೀದು ಕಣಮ್ಮಿ, ತುಳಿ," ಅನ್ನುತ್ತೇನೆ. ನಿಜ ಹೇಳಬೇಕೆಂದರೆ ನನಗೂ ಗೊತ್ತಾಗುವುದಿಲ್ಲ. ಅವಳು ಸೆರಗಿನಿಂದ ನನ್ನ ಹಣೆ ಒರೆಸಿ, ಮತ್ತೆ ಬೆವರುತ್ತೇನಾ ಎಂದು ನೋಡುತ್ತಾ ಕೂರುತ್ತಾಳೆ. ನಾನೂ ಕೂರುತ್ತೇನೆ. ಹಣೆ ಒಣಗಿದ್ದರೆ ತಿದಿ ತುಳಿಯುತ್ತಾಳೆ.