ಹನಮವ್ವ ಹತ್ತದೆ ಬಿಟ್ಟ ಕಲ್ಲು

ಮೊದಲ ಸಲ ಬಂಡೆಗಲ್ಲಿಗೆ ಕೈ ಹಚ್ಚಿದಾಗ ಹನಮವ್ವನಿಗೆ ನಲವತ್ತೈದು ದಾಟಿತ್ತು. ಆಕೆ ಕಲ್ಲು ಹತ್ತಲಿಕ್ಕೆಂದು ಹೋದವಳಲ್ಲ, ರೊಟ್ಟಿ ಬಡಿಯಲಿಕ್ಕೆ ಹೋದವಳು.

ಗಂಡ ಧೂಳಪ್ಪ ತೀರಿಕೊಂಡ ಮೇಲೆ ತಿಕೋಟಾದ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಕಸಕಡ್ಡಿ ಆರಿಸುವ ಕೂಲಿ ಮಾಡಿಯೇ ಮಗ ರಾಜಾರಾಮನನ್ನು ಓದಿಸಿದ್ದಳು. ಮಗನಿಗೆ ವಿಜಯಪುರದಲ್ಲಿ ನೌಕರಿ ಹತ್ತಿತು. ಆಕೆಗೂ ತೊರವಿ ಹತ್ತಿರದ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಸಿಕ್ಕಿತು. ಚಳಿಗಾಲ ಬಂತೆಂದರೆ ಹಾಸ್ಟೆಲಿನ ಹುಡುಗಿಯರನ್ನು ಆನೆಗೊಂದಿ ಕಡೆ ಬಂಡೆ ಹತ್ತುವ ಶಿಬಿರಕ್ಕೆ ಕರೆದೊಯ್ಯುತ್ತಿದ್ದರು. ಅಡುಗೆಗೊಬ್ಬರು ಬೇಕಲ್ಲ, ಹನಮವ್ವನೂ ಬಸ್ಸು ಹತ್ತಿದಳು.

ಹುಟ್ಟಿದಾಗಿನಿಂದ ಎರೆಹೊಲದ ಬಯಲನ್ನೇ ಕಂಡವಳು ಆಕೆ. ಅಲ್ಲಿ ನೋಡಿದರೆ ಎತ್ತ ತಿರುಗಿದರೂ ಗುಂಡುಗಲ್ಲು. ಒಂದರ ಮೇಲೊಂದು ಒರಗಿ ಕೂತ, ಮನೆಯಷ್ಟು ದೊಡ್ಡ ಕಲ್ಲುಗಳು. ಹುಡುಗಿಯರು ಕೆಳಗೆ ದಪ್ಪ ಗಾದಿ ಹಾಸಿ, ಕೈಗೆ ಬಿಳಿ ಪುಡಿ ಹಚ್ಚಿಕೊಂಡು, ಹಗ್ಗವಿಲ್ಲದೆ ಹತ್ತುವರು, ಬೀಳುವರು, ಮತ್ತೆ ಹತ್ತುವರು. ಊಟ ಮುಗಿದು ಪಾತ್ರೆ ತೊಳೆದಿಟ್ಟು ಆಕೆ ನೋಡುತ್ತ ಕೂತಿದ್ದಳು. ಕಲಿಸಲು ಬಂದ ಮುನಾಫ ಕರೆದ.

"ಹನಮವ್ವಾರ, ಸುಮ್ನ ಯಾಕ ಕೂತೀರಿ? ಬರ್ರಿ, ಒಂದು ಸಣ್ಣ ಕಲ್ಲು ನೋಡೂಣು."

"ಯಪ್ಪಾ, ಈ ವಯಸ್ಸಿನ್ಯಾಗ ಕಾಲ ಮುರಕೊಂಡು ಕುಂದ್ರಲೇನು?"

ಅಂದಳೇನೋ ನಿಜ, ಆದರೆ ಎದ್ದೂ ನಿಂತಳು. ಸೀರೆ ಕಚ್ಚೆ ಹಾಕಿ ಬರಿಗಾಲಲ್ಲೇ ಕಲ್ಲಿಗೆ ಆತುಕೊಂಡಳು. ಅರ್ಧಕ್ಕೆ ಜಾರಿ ಗಾದಿಯ ಮೇಲೆ ಧಪ್ಪನೆ ಬಿದ್ದಳು. ಬಿದ್ದಲ್ಲೇ ನಗು ಬಂತು. ಹುಡುಗಿಯರೂ ನಕ್ಕರು. ಸಂಜೆಯೊಳಗೆ ಆ ಸಣ್ಣ ಕಲ್ಲಿನ ನೆತ್ತಿಯ ಮೇಲೆ ಕೂತಿದ್ದಳು. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಗಂಡನಿಗಾಗಿ, ಮಗನಿಗಾಗಿ, ಹೊಟ್ಟೆಗಾಗಿ ಎಷ್ಟೋ ದುಡಿದಿದ್ದಳು. ಇದು ಯಾರಿಗಾಗಿಯೂ ಅಲ್ಲ ಅನ್ನುವುದೇ ಆಕೆಗೆ ಸೋಜಿಗವಾಗಿತ್ತು.

ಮರುವರ್ಷ ಚಳಿ ಬೀಳುವುದನ್ನೇ ಕಾದಳು. ಆ ಸಲ ಆಕೆಯ ಕಣ್ಣು ಬಿದ್ದದ್ದು ಆಕಳ ಬೆನ್ನಿನಂಥ ಒಂದು ದೊಡ್ಡ ಕಲ್ಲಿನ ಮೇಲೆ. ಕೆಳಗೆ ಹಿಡಿಯಲು ಬಿರುಕುಗಳಿದ್ದವು, ಮೇಲೆ ಮಾತ್ರ ನುಣುಪು. ಎರಡೂ ಅಂಗೈ ಊರಿ, ಬಾವಿಯ ಕಟ್ಟೆ ಏರಿದ ಹಾಗೆ ಮೈಯನ್ನು ಎತ್ತಿಕೊಳ್ಳಬೇಕು. ಆಕೆಯ ಕೈ ನೆತ್ತಿ ಮುಟ್ಟುತ್ತಿತ್ತು, ಮೈ ಮೇಲೇಳುತ್ತಿರಲಿಲ್ಲ. ಶಿಬಿರ ಮುಗಿಯುವ ದಿನ ಮುನಾಫ, "ಬರೋ ವರ್ಷ ಇದು ನಿಮ್ಮದ ನೋಡ್ರಿ" ಅಂದ.

ಆ ಬರುವ ವರ್ಷ ಬರಲೇ ಇಲ್ಲ. ಹುಡುಗಿಯೊಬ್ಬಳು ಆಕೆ ಹತ್ತುವುದನ್ನು ವಿಡಿಯೋ ಮಾಡಿ ಎಲ್ಲರಿಗೂ ಕಳಿಸಿದಳು. ಅದು ಫೋನಿಂದ ಫೋನಿಗೆ ಹಾರಿ ಸಾರವಾಡ ಮುಟ್ಟಿತು. ಅಲ್ಲಿಯ ಸುಮಂಗಲಾಳ ಜೊತೆ ರಾಜಾರಾಮನ ಮದುವೆ ಆಗಷ್ಟೇ ಗೊತ್ತಾಗಿತ್ತು. ಬೀಗರ ಮನೆಗೆ ಹೋಗಿದ್ದಾಗ ಅವರೆಲ್ಲ ವಿಡಿಯೋ ನೋಡಿ ನಗುವುದನ್ನು ಕಂಡು ಬಂದ ಮಗ, ಹಾಸ್ಟೆಲಿನ ಅಡುಗೆಮನೆಯ ಹೊಸ್ತಿಲು ದಾಟುವ ಮೊದಲೇ ಶುರುಮಾಡಿದ.

"ಯವ್ವಾ, ಕಚ್ಚಿ ಹಾಕ್ಕೊಂಡು ಮಂಗ್ಯಾನಂಗ ಕಲ್ಲು ಹತ್ತತಿಯಲ್ಲ, ಬೀಗರು ನೋಡಿ ನಗಾಕತ್ತಾರ, ನನ್ನ ಮಾನದ ಖಬರ ಐತೇನು ನಿನಗ? ಇನ್ನೊಮ್ಮಿ ಅಲ್ಲಿಗೆ ಹೋಗಬ್ಯಾಡ."

ಹನಮವ್ವ ಒಲೆಯ ಕಡೆ ತಿರುಗಿದಳು. ರೊಟ್ಟಿ ಹಂಚಿಗೆ ಹಾಕಿದಳು. ಆ ಚಳಿಗಾಲ ನಡುನೋವೆಂದು ಹೇಳಿ ತನ್ನ ಬದಲಿಗೆ ಜೊತೆಯ ಪರಸವ್ವನನ್ನು ಕಳಿಸಿದಳು. ಮರುವರ್ಷವೂ ಹಾಗೇ. ಮುನಾಫ ಫೋನು ಮಾಡಿ ಕರೆದಾಗ, "ಮನ್ಯಾಗ ಬ್ಯಾಡ ಅಂತಾರ್ರಿ" ಅಂದುಬಿಟ್ಟಳು. ಅವನು ಮತ್ತೆ ಕರೆಯಲಿಲ್ಲ. ಮಗ ಒಂದು ದಿನ ತಾನಾಗಿಯೇ "ಹೋಗಿ ಬಾ" ಅನ್ನಬಹುದೆಂದು ಒಳಗೊಳಗೇ ಕಾಯುತ್ತಿದ್ದಳು. ಅವನು ಅನ್ನಲಿಲ್ಲ, ಆಕೆ ಕೇಳಲಿಲ್ಲ.

ವರ್ಷಗಳು ಹೋದವು. ಹಾಸ್ಟೆಲು ಬಿಟ್ಟು ಸಿದ್ಧೇಶ್ವರ ಗುಡಿ ಹತ್ತಿರ ಮಗನ ಬಾಡಿಗೆ ಮನೆಗೆ ಬಂದಳು. ಬಲಗಡೆಯ ಹೆಗಲು ಹಿಡಿದುಕೊಂಡಿತು. ಹೆರಳು ಹಾಕಿಕೊಳ್ಳಲೂ ಕೈ ಏಳದಾಯಿತು. ಡಾಕ್ಟರು ಎಣ್ಣೆ ಹಚ್ಚಿರಿ, ಕೈ ಆಡಿಸಿರಿ ಅಂದರು. ಸೊಸೆಯೇ ದಿನಾ ತಲೆ ಬಾಚುತ್ತಿದ್ದಳು.

ಹಾಗೆ ಬಾಚುತ್ತ ಒಂದು ಮುಂಜಾನೆ ಸುಮಂಗಲಾ, "ಅತ್ತಿ, ಆ ಕಲ್ಲು ಹತ್ತೂದು ಯಾಕ ಬಿಟ್ರಿ ನೀವು?" ಎಂದು ಕೇಳಿದಳು.

ಚಹಾ ಕುಡಿಯುತ್ತಿದ್ದ ರಾಜಾರಾಮನೇ ಉತ್ತರ ಕೊಟ್ಟ. "ಅಕೀಗೇ ಬ್ಯಾಸರ ಬಂತು, ಬಿಟ್ಟಳು."

ಹನಮವ್ವ ಮಗನ ಮುಖ ನೋಡಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ.

"ಬೀಗರು ವಿಡಿಯೋ ನೋಡಿ ನಕ್ಕರಂತ ನೀನ ಬ್ಯಾಡ ಅಂದಿದ್ದೆಲ್ಲೋ" ಅಂದಳು.

"ನಾನು? ಯಾವಾಗ ಬೇ?" ಅವನು ಹುಬ್ಬು ಗಂಟಿಕ್ಕಿ ನೆನಪಿಸಿಕೊಳ್ಳಲು ನೋಡಿದ. "ಏನೋ ಸಿಟ್ಟಿನ್ಯಾಗ ಅಂದಿರಬೇಕು. ಅದನ್ನ ಹಿಡಕೊಂಡು ಬಿಟ್ಟಿ?"

ಸುಮಂಗಲಾಳ ಕೈಯಲ್ಲಿನ ಹಣಿಗೆ ನಿಂತಿತು. "ನಮ್ಮ ಮನ್ಯಾಗ ಯಾರೂ ಕೆಟ್ಟದಕ್ಕ ನಕ್ಕಿದ್ದಿಲ್ರಿ ಅತ್ತಿ. ನಮ್ಮಾಯಿ ಅಂತೂ ಆ ವಿಡಿಯೋ ಮತ್ತ ಮತ್ತ ಹಾಕಿಸ್ಕೊಂಡು ನೋಡಿದಳು. 'ಎಂಥಾ ಗಟ್ಟಿಗಿತ್ತಿ ಬೀಗತಿ ಸಿಕ್ಕಾಳ' ಅಂತ ಓಣಿ ತುಂಬ ಹೇಳ್ಕೊಂಡು ಬಂದಳು."

ಹನಮವ್ವನಿಗೆ ಅಳುವೂ ಬರಲಿಲ್ಲ. ಒಂದು ಸಿಟ್ಟಿನ ಮಾತು. ಆಡಿದವನು ವಾರದೊಳಗೆ ಮರೆತಿದ್ದ, ಕೇಳಿದವಳು ಇಷ್ಟು ವರ್ಷ ಅದಕ್ಕೆ ಬಾಗಿ ನಡೆದಿದ್ದಳು.

ಆ ಚಳಿಗಾಲ ರಾಜಾರಾಮ ರಜೆ ಹಾಕಿ, ಗೆಳೆಯನ ಕಾರು ತಂದು, ಹೆಂಡತಿ ತಾಯಿ ಇಬ್ಬರನ್ನೂ ಆನೆಗೊಂದಿಗೆ ಕರೆದೊಯ್ದ. ಶಿಬಿರ ನಡೆಯುತ್ತಿತ್ತು. ಗಡ್ಡ ನೆರೆತ ಮುನಾಫ ದೂರದಿಂದಲೇ ಗುರುತು ಹಿಡಿದು ಓಡಿಬಂದ. ಆಕಳ ಬೆನ್ನಿನ ಕಲ್ಲು ಇದ್ದಲ್ಲೇ ಇತ್ತು. ಹನಮವ್ವ ಹತ್ತಿರ ಹೋಗಿ ಎಡಗೈಯನ್ನು ಬಿರುಕಿನೊಳಗೆ ಇಟ್ಟಳು. ಬೆರಳುಗಳು ತಾವಾಗಿಯೇ ಹಿಡಿತ ಹುಡುಕಿದವು. ಬಲಗೈ ಎತ್ತಿದಳು. ಕಿವಿಯ ಮಟ್ಟಕ್ಕೆ ಬಂದು ನೋವು ಸೆಳೆಯಿತು. ಹಲ್ಲು ಕಚ್ಚಿ ಮತ್ತೊಮ್ಮೆ ಎತ್ತಿದಳು. ಅಷ್ಟೇ.

"ಸಣ್ಣ ಕಲ್ಲು ಅದಾವ್ರಿ, ನಿಧಾನಕ ನೋಡೂಣು" ಅಂದ ಮುನಾಫ.

"ಬ್ಯಾಡ್ರಿ ಸರ್" ಅಂದಳು.

ಸುಮಂಗಲಾ ಹುಡುಗಿಯರ ಜೊತೆ ಸೇರಿ ಹತ್ತಿದಳು, ಬಿದ್ದಳು, ಕಿರುಚಿದಳು. ಹನಮವ್ವ ನೆರಳಲ್ಲಿ ಕೂತು ನೋಡಿದಳು. ನಗಬೇಕಾದಲ್ಲಿ ನಕ್ಕಳು. ರಾಜಾರಾಮ ಬಂದು ಪಕ್ಕದಲ್ಲಿ ಕೂತ. ಮಣ್ಣು ಕೆದರುತ್ತ, "ತಪ್ಪಾತಬೇ" ಅಂದ.

"ನಿನ್ನ ಮ್ಯಾಲ ನನಗ ಸಿಟ್ಟಿಲ್ಲೋ" ಅಂದಳು ಹನಮವ್ವ. "ನಾ ಒಂದ ಮಾತು ತಿರುಗಿ ಕೇಳಬೇಕಾಗಿತ್ತು. ಹೋಗ್ತೀನಿ ಅಂತ ಜಗಳರೆ ಆಡಬೇಕಾಗಿತ್ತು. ಆಡಲಿಲ್ಲ."

ಅವನು ತಾಯಿಯ ಹೆಗಲ ಮೇಲೆ ಕೈ ಇಡಲು ಹೋದ. ನೋವಿನ ಹೆಗಲೆಂದು ನೆನಪಾಗಿ ಹಿಂದೆ ತೆಗೆದುಕೊಂಡ. ಎದುರಿಗೆ ಹುಡುಗಿಯೊಬ್ಬಳು ಆಕಳ ಬೆನ್ನಿನ ಕಲ್ಲಿನ ನೆತ್ತಿಗೆ ಅಂಗೈ ಊರಿದ್ದಳು. ಹನಮವ್ವ ಕೂತಲ್ಲಿಂದಲೇ ಮುಂದಕ್ಕೆ ಬಾಗಿ, ಉಸಿರು ಬಿಗಿಹಿಡಿದು ನೋಡತೊಡಗಿದಳು.