ಹದಿನಾಲ್ಕು ಗ್ರಾಂ

ಸಸ್ಯತಳಿ ವಿಭಾಗದಲ್ಲಿ ಅವಳು ಎಲ್ಲರಿಗೂ ಚಿಮಟದಕ್ಕ. ಬೇರೆಯವರು ಕೋಟಿನ ಮೇಲ್ಜೇಬಿಗೆ ಪೆನ್ನು ಸಿಕ್ಕಿಸಿಕೊಂಡರೆ ಅವಳು ಸಿಕ್ಕಿಸಿಕೊಳ್ಳುತ್ತಿದ್ದದ್ದು ಚೂಪು ಮೂತಿಯ ಚಿಮಟ. ಕಡಲೆಯ ಮೊಗ್ಗು ಅಕ್ಕಿಕಾಳಿಗಿಂತ ತುಸು ದೊಡ್ಡದು, ಅಷ್ಟೆ. ಅದು ತಾನಾಗಿ ಅರಳುವ ಮುಂಚೆ ಎಸಳು ಬಿಡಿಸಿ, ಒಳಗಿನ ಹತ್ತು ಕೇಸರಗಳನ್ನು ಒಂದೂ ಬಿಡದೆ ಕಿತ್ತು, ಇನ್ನೊಂದು ತಳಿಯ ಪರಾಗ ಮುಟ್ಟಿಸಿ, ತೊಟ್ಟಿಗೆ ದಾರ ಕಟ್ಟಬೇಕು. ಒಂದೇ ಒಂದು ಕೇಸರ ಒಳಗುಳಿದರೂ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಿ, ಸಂಕರವಾಗದೆ, ತಾಯಿಗಿಡದ ಪಡಿಯಚ್ಚನ್ನೇ ಹೆರುತ್ತದೆ. ಮೊದಲ ವರ್ಷ ಅವಳು ಹೀಗೆ ನಾನೂರು ಮೊಗ್ಗು ಬಿಡಿಸಿದ್ದಳು. ಮೂವತ್ತೊಂದು ಕಾಯಿ ನಿಂತವು. ಆಗ ಅವಳಿಗೆ ಇಪ್ಪತ್ತೈದು. ಈಗ ಮೂವತ್ತನಾಲ್ಕು.

ಕೆಲಸದ ಗುರಿಯೇನೋ ಎರಡು ಮಾತಿನಲ್ಲಿ ಹೇಳಿ ಮುಗಿಸುವಂಥದ್ದು. ತಾಯಿ ತಳಿಗೆ ಸೊರಗು ರೋಗ ತಾಗುವುದಿಲ್ಲ, ಆದರೆ ಕಾಳು ಸಣ್ಣ. ನೂರು ಕಾಳು ತೂಗಿದರೆ ಹದಿನಾಲ್ಕು ಗ್ರಾಂ. ತಂದೆ ತಳಿಯ ಕಾಳು ಅದರ ಎರಡರಷ್ಟು ದಪ್ಪ, ಆದರೆ ರೋಗ ಬಿತ್ತೆಂದರೆ ಹದಿನೈದು ದಿನದಲ್ಲಿ ಹೊಲಕ್ಕೆ ಹೊಲವೇ ಒಣಗಿ ನಿಲ್ಲುತ್ತದೆ. ಇಬ್ಬರ ಒಳ್ಳೆಯದೂ ಒಂದೇ ಗಿಡದಲ್ಲಿ ಕೂಡಬೇಕು. ಇದಕ್ಕೆಂದೇ ವಿಭಾಗದ ಹಿಂದೆ, ಮಣ್ಣಿನಲ್ಲಿ ರೋಗವನ್ನು ಬೇಕೆಂದೇ ಸಾಕಿಕೊಂಡ ಒಂದು ಹೊಲವಿತ್ತು. ಪ್ರತಿ ತಲೆಮಾರನ್ನೂ ಅಲ್ಲಿ ಬಿತ್ತಿ, ಸಾಯುವವು ಸತ್ತ ಮೇಲೆ ಬದುಕಿದವುಗಳ ಬೀಜ ತೆಗೆದು, ತೂಗಿ, ಮತ್ತೆ ಬಿತ್ತಬೇಕು.

ಮೂರನೇ ವರ್ಷ ಆ ಹೊಲ ಸುಟ್ಟ ಹಾಗೆ ಒಣಗಿತು. ಗಟ್ಟಿಯಾಗಿ ನಿಂತದ್ದು ನಾಲ್ಕೇ ಸಾಲು. ಅವಳು ಖುಷಿಯಿಂದ ಅವುಗಳ ಬೀಜ ತೂಗಿದಳು: ಹದಿನಾಲ್ಕು ಗ್ರಾಂ. ಮುಂದಿನ ವರ್ಷ ಹದಿನಾಲ್ಕೂ ಕಾಲು. ಅದರ ಮುಂದಿನ ವರ್ಷ ಹದಿಮೂರೂ ಮುಕ್ಕಾಲು. ತಕ್ಕಡಿ ಕೆಟ್ಟಿದೆಯೇನೋ ಎಂದು ಪಕ್ಕದ ಲ್ಯಾಬಿನ ತಕ್ಕಡಿಯಲ್ಲೂ ತೂಗಿ ನೋಡಿದಳು.

ಅವಳ ಪಿಎಚ್‌ಡಿ ಗೈಡು ಕೆಟ್ಟವರಲ್ಲ. ವಿದ್ಯಾರ್ಥಿಗಳ ಮೇಲೆ ದನಿ ಎತ್ತಿದವರಲ್ಲ, ಯಾರ ಹೆಸರನ್ನೂ ತಮ್ಮ ಲೇಖನದಿಂದ ಕೈಬಿಟ್ಟವರಲ್ಲ. ನಿವೃತ್ತಿಗೆ ಮೂರು ವರ್ಷವಿತ್ತು, ಅಷ್ಟರೊಳಗೆ ತಮ್ಮ ಕೈಯಿಂದ ಒಂದು ತಳಿ ಹೊರಬರಲಿ ಎಂಬ ಒಂದೇ ಆಸೆ ಅವರದು. ಪ್ರತಿ ಸುಗ್ಗಿ ಮುಗಿದ ಮೇಲೂ ಅವಳ ಪಟ್ಟಿಯನ್ನು ತಿರುಗಿಸಿ ನೋಡಿ, ಗುಣ ಒಳಗೇ ಇರುತ್ತದೆ, ಹೊರಗೆ ಕಾಣಿಸಿಕೊಳ್ಳಲು ಸಮಯ ಬೇಕು, ಇನ್ನೊಂದು ಹಂಗಾಮು ನೋಡೋಣ ಎನ್ನುತ್ತಿದ್ದರು. ಆ ಇನ್ನೊಂದು ಹಂಗಾಮು ಎಂದರೆ ಒಂದು ವರ್ಷ. ಕಡಲೆಗೆ ಅವಳ ಅವಸರ ಗೊತ್ತಿರಲಿಲ್ಲ.

ಐದು ವರ್ಷಕ್ಕೆ ಫೆಲೋಶಿಪ್ ನಿಂತಿತು, ಆರಕ್ಕೆ ಹಾಸ್ಟೆಲ್ ಬಿಡಿಸಿದರು. ಹಿಟ್ಟಿನ ಗಿರಣಿಯ ಮೇಲಿನ ಕೋಣೆಯೊಂದು ಸಿಕ್ಕಿತು. ಬೆಳಿಗ್ಗೆ ಎಂಟಕ್ಕೆ ಗಿರಣಿ ಶುರುವಾದರೆ ಮಂಚ, ಮೇಜು, ಲೋಟದ ನೀರು ಎಲ್ಲವೂ ನಡುಗುತ್ತಿದ್ದವು. ಸಂಜೆ ಬಂದು ನೋಡಿದರೆ ಪುಸ್ತಕಗಳ ಮೇಲೆ ತೆಳ್ಳಗೆ ಬಿಳಿ ಧೂಳು. ಹೂ ಬಿಡುವ ಕಾಲದಲ್ಲಿ ಎರಡು ದಿನ ಊರು ಬಿಡುವಂತಿರಲಿಲ್ಲ. ತಂಗಿಯ ಮದುವೆಗೆ ಬೆಳಿಗ್ಗೆ ಬಸ್ಸಿಳಿದು ಮಧ್ಯಾಹ್ನ ಬಸ್ಸು ಹತ್ತಿದ್ದಳು. ನಡುವೆ ಒಮ್ಮೆ ಬೀಜದ ಕಂಪನಿಯೊಂದು ಕೆಲಸಕ್ಕೆ ಕರೆದಿತ್ತು. ಗೈಡು ಬೇಡವೆನ್ನಲಿಲ್ಲ, ಹೋಗಮ್ಮ, ಆದರೆ ಈ ಬೀಜವನ್ನು ಯಾರ ಕೈಗೆ ಒಪ್ಪಿಸಿ ಹೋಗುತ್ತೀಯ, ಅಷ್ಟು ಹೇಳು ಎಂದರು. ಅವಳು ಹೋಗಲಿಲ್ಲ. ಅಷ್ಟು ವರ್ಷ ಕಳೆದದ್ದೇ ಇನ್ನೊಂದು ವರ್ಷ ಕಳೆಯಲು ಕಾರಣವಾಗುತ್ತಿತ್ತು.

ಅಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ವಾರ್ಡಿನವರೆಲ್ಲ ಮಗಳ ಓದು ಮುಗಿಯಿತೇ ಎಂದು ಕೇಳಿ ಕೇಳಿ ಸುಸ್ತಾಗಿ ಬಿಟ್ಟಿದ್ದರು. ಅಮ್ಮ ಮಾತ್ರ ಫೋನಿನಲ್ಲಿ ನಗುತ್ತಲೇ ಚುಚ್ಚುತ್ತಿದ್ದಳು: "ನೀನು ಅಲ್ಲಿ ಸೇರಿದ ವರ್ಷ ನನ್ನ ಕೈಲಿ ಹುಟ್ಟಿದ ಕೂಸು ಈಗ ಎರಡನೇ ಕ್ಲಾಸು ಕಣೇ. ನಿನ್ನೆ ಬಂದು ಮಗ್ಗಿ ಒಪ್ಪಿಸ್ತು."

ಎಂಟನೇ ವರ್ಷದ ಬಿತ್ತನೆಯಾದ ತಿಂಗಳಿಗೆ ವಿಭಾಗಕ್ಕೆ ಹೊಸ ಡಿಎನ್‌ಎ ಯಂತ್ರ ಬಂತು. ಅದನ್ನು ಕಲಿಯುವ ಹೊಣೆ ಬಿದ್ದದ್ದು ಆ ವರ್ಷವಷ್ಟೇ ಸೇರಿದ್ದ ವಿದ್ಯಾರ್ಥಿನಿಯ ಮೇಲೆ. ಅಂಗೈಯಗಲದ ಮುಖದ ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಅಭ್ಯಾಸಕ್ಕೆ ತಂದೆ ತಾಯಿ ಗೊತ್ತಿರುವ ಗಿಡದ ಎಲೆ ಬೇಕು ಎಂದಳು. ಚಿಮಟದಕ್ಕ ತನ್ನ ನಾಲ್ಕು ಸಾಲಿನ ಎಲೆಗಳನ್ನೂ ಎರಡು ಮೂಲ ತಳಿಗಳ ಎಲೆಗಳನ್ನೂ ಕಿತ್ತುಕೊಟ್ಟು, ಮರೆತೂಬಿಟ್ಟಳು.

ನಾಲ್ಕನೇ ದಿನ ಗುಬ್ಬಿ ಬಂದು ಬಾಗಿಲು ಮುಂದೆ ಮಾಡಿದಳು. ಕೈಯಲ್ಲಿ ಒಂದು ಹಾಳೆ.

"ಅಕ್ಕ, ನಾನೇ ಏನೋ ತಪ್ಪು ಮಾಡಿದೀನಿ ಅನ್ಸುತ್ತೆ. ಎರಡು ಸಲ ಮಾಡಿ ನೋಡ್ದೆ."

ಹಾಳೆಯಲ್ಲಿ ಆರು ಪಟ್ಟೆ, ಒಂದೊಂದರಲ್ಲೂ ಡಿಎನ್‌ಎ ಗೆರೆಗಳು. ಮೊದಲನೆಯದು ತಾಯಿ, ಎರಡನೆಯದು ತಂದೆ, ಆಮೇಲೆ ಅವಳ ನಾಲ್ಕು ಸಾಲು. ನಾಲ್ಕೂ ತಾಯಿಯ ಹಾಗೇ ಇದ್ದವು, ಗೆರೆಗೆ ಗೆರೆ. ತಂದೆಯ ಒಂದು ಗೆರೆಯೂ ಯಾವುದರಲ್ಲೂ ಇರಲಿಲ್ಲ. ದಪ್ಪ ಕಾಳು ಬರಲಿ ಎಂದು ಅವಳು ಐದು ವರ್ಷ ಕಾದದ್ದು, ದಪ್ಪ ಕಾಳಿನ ರಕ್ತವೇ ಇಲ್ಲದ ಗಿಡಗಳ ಮುಂದೆ. ನಿಜವಾದ ಸಂಕರಗಳೆಲ್ಲ ಮೂರನೇ ವರ್ಷವೇ ರೋಗಕ್ಕೆ ಸತ್ತಿದ್ದವು. ಉಳಿದದ್ದು ಅವಳ ಚಿಮಟದಿಂದ ತಪ್ಪಿಸಿಕೊಂಡ ಒಂದೊಂದು ಕೇಸರದ ಸಂತಾನ.

ತಪ್ಪು ನಿನ್ನದಲ್ಲ ಎಂದು ಗುಬ್ಬಿಗೆ ಹೇಳಿ ಕಳಿಸಿ, ಅವಳು ಬೀರುವಿನಿಂದ ಎರಡನೇ ವರ್ಷದ ಹೊಲದ ಪುಸ್ತಕ ತೆಗೆದಳು. ಮೂವತ್ತೊಂದು ಗಿಡಗಳ ಎಲೆ ಪರೀಕ್ಷೆ ಮಾಡಿ ಸಂಕರ ಹೌದೋ ಅಲ್ಲವೋ ಎಂದು ಬರೆಯಬೇಕಿದ್ದ ಪುಟ. ಮೂವತ್ತೊಂದರ ಮುಂದೆಯೂ ಟಿಕ್ ಇತ್ತು. ಅವಳದೇ ಕೈ. ಆ ವಾರ ಹಳೆಯ ಯಂತ್ರಕ್ಕೆ ಮೂರು ವಾರದ ಸರದಿ ಇತ್ತು, ಗೈಡಿಗೆ ಸಂಜೆಯೊಳಗೆ ಪಟ್ಟಿ ಬೇಕಿತ್ತು, ಎಲ್ಲರೂ ಮೊದಲು ಟಿಕ್ ಹಾಕಿ ಆಮೇಲೆ ಮಾಡುತ್ತಾರೆ ಎಂದು ಸೀನಿಯರ್ ಒಬ್ಬ ಹೇಳಿದ್ದ. ಆಮೇಲೆ ಎನ್ನುವುದು ಬರಲೇ ಇಲ್ಲ. ನಾಲ್ಕನೇ ವರ್ಷ ಹೊಲದ ಮೇಸ್ತ್ರಿ ಆ ನಾಲ್ಕು ಸಾಲನ್ನು ನೋಡಿ, ಇವೆಲ್ಲ ಒಂದೇ ಬಸಿರಲ್ಲಿ ಹುಟ್ಟಿದ ಹಾಗಿವೆಯಲ್ಲ ಮೇಡಮ್ಮ ಎಂದಿದ್ದ. ತಳಿ ಸ್ಥಿರವಾಗಿದೆ ಎಂದರೆ ಹಾಗೇ ಕಾಣುವುದು ಎಂದು ಅವಳೇ ಅವನಿಗೆ ಪಾಠ ಹೇಳಿದ್ದಳು. ಇಷ್ಟು ವರ್ಷ ತನ್ನನ್ನು ಕಟ್ಟಿಹಾಕಿದವರು ಗೈಡು, ನಿಯಮ, ಕಡಲೆ ಎಂದುಕೊಂಡಿದ್ದಳು. ಬೀಗ ಹಾಕಿದ ಕೈ ಈ ಪುಟದಲ್ಲಿತ್ತು.

ಮರುದಿನ ಹಾಳೆಯನ್ನೂ ಪುಸ್ತಕವನ್ನೂ ಗೈಡಿನ ಮೇಜಿನ ಮೇಲಿಟ್ಟಳು. ಅವರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು. ಇದನ್ನು ಬೇರೆ ಯಾರು ನೋಡಿದ್ದಾರೆ ಎಂದು ಕೇಳಿದರು. ಗುಬ್ಬಿ ಎಂದಳು.

"ನೋಡಮ್ಮ, ರೋಗಕ್ಕಂತೂ ಗಟ್ಟಿ ಇದೆಯಲ್ಲ. ಅದು ಸುಳ್ಳಲ್ಲ. ದಪ್ಪ ಕಾಳಿನ ಮಾತು ಬಿಟ್ಟು, ಈ ಸಂಕರದಿಂದ ಆಯ್ಕೆ ಮಾಡಿದ ಗಟ್ಟಿ ಸಾಲು ಅಂತ ಬರೆದುಬಿಡು. ಈ ಹಾಳೆ ಬೇಕಾಗಿಲ್ಲ. ಮೂರು ತಿಂಗಳಲ್ಲಿ ನಾನು ಸಹಿ ಹಾಕ್ತೀನಿ."

ಏಳು ವರ್ಷ ನಿಜವಾದ ದುಡಿಮೆಗೆ ತೆರೆಯದ ಬಾಗಿಲು ಒಂದು ಸುಳ್ಳಿಗೆ ತಾನಾಗಿ ತೆರೆದುಕೊಂಡಿತ್ತು. ಅವಳು ಆಗಲಿ ಸರ್ ಎಂದೇ ಹೇಳಿ ಬಂದಳು. ಹಾಗೆಂದದ್ದಕ್ಕೆ ಅವಳಿಗೆ ನಾಚಿಕೆಯಾಗಲಿಲ್ಲ, ನಿದ್ದೆ ಬಂತು. ಎರಡು ತಿಂಗಳಲ್ಲಿ ನಾಲ್ಕು ಅಧ್ಯಾಯ ಬರೆದಳು. ತಾಯಿ ತಂದೆ ತಳಿಗಳ ವಿವರ ಬರುವ ಪುಟಕ್ಕೆ ಬಂದಾಗಲೆಲ್ಲ ಕೈ ನಿಲ್ಲುತ್ತಿತ್ತು; ಎದ್ದು ನೀರು ಕುಡಿದು, ಅದನ್ನು ದಾಟಿ ಮುಂದಿನ ಪುಟಕ್ಕೆ ಹೋಗುತ್ತಿದ್ದಳು. ಕೊನೆಗೆ ಬರೆಯಲು ಉಳಿದದ್ದು ಆ ಪುಟವೊಂದೇ. ತಾಯಿ ತಳಿಯನ್ನೇ ಹೊಸ ಹೆಸರಿನಲ್ಲಿ ಕೊಟ್ಟರೆ ಯಾರಿಗೂ ನಷ್ಟವಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಮುಂದೆ ಯಾರೋ ಇಪ್ಪತ್ತೈದರ ಹುಡುಗಿ ಆ ಹೊಸ ಹೆಸರನ್ನು ನಂಬಿ, ಅದನ್ನು ಅದರ ತಾಯಿಯ ಜೊತೆಗೇ ಸಂಕರ ಮಾಡಿ, ಏನೂ ಬದಲಾಗದ ಬೀಜವನ್ನು ವರ್ಷ ವರ್ಷ ತೂಗುತ್ತ ಕೂರುವುದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಾಣತೊಡಗಿತು.

ಥೀಸಿಸ್ ಕೊಡುವ ಮುಂಚಿನ ಸಭೆಯಲ್ಲಿ ಐದು ಜನ ಕೂತಿದ್ದರು, ಗೈಡೂ ಸೇರಿ. ಅವಳು ಪರದೆಯ ಮೇಲೆ ಮೊದಲು ಹಾಕಿದ್ದೇ ಗುಬ್ಬಿಯ ಹಾಳೆ, ಆಮೇಲೆ ಹೊಲದ ಪುಸ್ತಕದ ಪುಟ.

"ಆ ಟಿಕ್ ಹಾಕಿದ್ದು ಯಾರು?" ಎಂದು ವಿಭಾಗದ ಮುಖ್ಯಸ್ಥೆ ಕೇಳಿದರು.

"ನಾನೇ ಮೇಡಂ."

"ಪರೀಕ್ಷೆ ಮಾಡದೆ?"

"ಮಾಡದೆ."

ಗೈಡು ಕಿಟಕಿಯ ಕಡೆ ನೋಡುತ್ತಿದ್ದರು. ಅವರ ಸಹಿಯೂ ಆ ಪುಟದ ಕೆಳಗಿತ್ತು. ಅದನ್ನು ಎತ್ತಿ ಆಡಿದವರಿಲ್ಲ. ಅವಳೂ ಆಡಲಿಲ್ಲ.

ಸಮಿತಿ ಅವಳ ಹೆಸರನ್ನು ತೆಗೆದುಹಾಕಲಿಲ್ಲ, ಆದರೆ ಬಿಡುಗಡೆಯನ್ನೂ ಕೊಡಲಿಲ್ಲ. ಸಂಕರ ಹೊಸದಾಗಿ ಮಾಡಬೇಕು, ಅವಧಿ ಮೂರು ವರ್ಷ, ಸಹಾಯಧನವಿಲ್ಲ, ಪ್ರತಿ ವರ್ಷ ಕಾರಣ ತೋರಿಸಿ ಅರ್ಜಿ ಕೊಡಬೇಕು. ಆ ಸಂಜೆ ಅಮ್ಮನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ಅಮ್ಮ ಕೊನೆಯವರೆಗೂ ಕೇಳಿ, "ಬಿಟ್ಟು ಬಂದ್ರೂ ಮನೆ ಇದೆ. ಗೊತ್ತಲ್ಲ?" ಎಂದಳು. ಗೊತ್ತು ಎಂದಳು ಇವಳು. ಹಾಗೆ ಯಾರಾದರೂ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆದರೂ ಅವಳು ಹೊರಡಲಿಲ್ಲ. ಹೋಗಿ ಮಾಡುವುದೇನೆಂದು ತೋಚಲಿಲ್ಲ ಎನ್ನುವುದೂ ಅದರಲ್ಲಿ ಸೇರಿತ್ತು.

ಗೈಡು ಒಂದೂವರೆ ತಿಂಗಳು ಅವಳೊಡನೆ ಮಾತಾಡಲಿಲ್ಲ. ಕಾರಿಡಾರಿನಲ್ಲಿ ಎದುರಾದರೆ ಗೋಡೆಯ ಸುತ್ತೋಲೆ ಓದುತ್ತ ನಿಲ್ಲುತ್ತಿದ್ದರು. ಆಮೇಲೊಂದು ದಿನ ಮೇಸ್ತ್ರಿ ಎರಡು ಪೊಟ್ಟಣ ತಂದು ಅವಳ ಮೇಜಿನ ಮೇಲಿಟ್ಟ. ಎರಡು ಮೂಲ ತಳಿಗಳ ಶುದ್ಧ ಬೀಜ, ಗೈಡಿನ ಸ್ವಂತ ಫ್ರಿಜ್ಜಿನದು, ಮೇಲೆ ಅವರ ದುಂಡು ಅಕ್ಷರ. ಸಾಹೇಬರು ಏನಾದರೂ ಹೇಳಿದರಾ ಎಂದು ಕೇಳಿದಳು. ಇಲ್ಲ, ಕೊಟ್ಟು ಬಾ ಅಂದರು ಅಷ್ಟೆ ಎಂದ.

ಈಗ ಅವಳು ವಾರಕ್ಕೆ ಮೂರು ದಿನ ಬೀಜ ಪರೀಕ್ಷಾ ಕೇಂದ್ರದಲ್ಲಿ ಮೊಳಕೆ ಎಣಿಸುತ್ತಾಳೆ, ಉಳಿದ ದಿನ ಹೊಲ. ಗೈಡು ನಿವೃತ್ತರಾದ ಮೇಲೆ ಅವಳ ಮೇಲ್ವಿಚಾರಣೆ ಬಂದದ್ದು, ಹಾಸ್ಟೆಲಿನಲ್ಲಿ ಒಂದು ಕಾಲಕ್ಕೆ ಅವಳ ಬಕೆಟ್ಟು ಕಡ ಕೇಳುತ್ತಿದ್ದ ಜೂನಿಯರ್‌ಗೆ. ಇವಳು ಬಾಗಿಲು ತಟ್ಟಿ "ಒಳಗೆ ಬರ್ಲಾ ಮೇಡಂ" ಎನ್ನುವಾಗ ಇಬ್ಬರಿಗೂ ಮುಜುಗರ. ಹೊಸ ಸಂಕರದಲ್ಲಿ ಹದಿನೆಂಟು ಗಿಡ ಬಂದವು. ಎಲೆಗಳನ್ನು ತಾನೇ ಯಂತ್ರಕ್ಕಿಟ್ಟು, ಫಲಿತಾಂಶ ಬರುವವರೆಗೆ ಆ ಪುಟದ ಮೇಲೆ ಪೆನ್ನು ಊರಲಿಲ್ಲ. ಹದಿಮೂರು ನಿಜ, ಐದು ಸುಳ್ಳು. ಆ ಐದನ್ನೂ ಮೇಸ್ತ್ರಿಯ ಕೈಗೆ ಬಿಡದೆ ತಾನೇ ಕಿತ್ತಳು. ಒಂದಕ್ಕೆ ಆಗಲೇ ಹೂವು ಬಂದಿತ್ತು.

ಈ ವರ್ಷದ ಅರ್ಜಿಯಲ್ಲಿ ಕಾರಣ ಎಂಬ ಜಾಗ ಎರಡೇ ಗೆರೆಯದು. ಅವಳು ಕೆಲಸ ಮುಗಿದಿಲ್ಲ ಎಂದು ಬರೆದು, ಗುಮಾಸ್ತರ ಕಿಟಕಿಯಲ್ಲಿ ಕೊಟ್ಟು, ರಶೀದಿ ಇಸಿದುಕೊಂಡು, ಸೈಕಲ್ಲು ಹತ್ತಿ ಹೊಲದ ಕಡೆ ಹೋದಳು.