ಲಾರಿಯ ಹಿಂದೆ ನಿಂತವರು

ಚಿಕ್ಕೋಡಿಯಲ್ಲಿ ನಮ್ಮ ನೆರೆಮನೆಯ ಮಾಸ್ತರರು ಲಾರಿ ಓಡಿಸಲು ಕಲಿಸುವ ಶಾಲೆ ನಡೆಸುತ್ತಿದ್ದರು. ಭಾರಿ ವಾಹನದ ಲೈಸೆನ್ಸಿಗೆ ತರಬೇತಿ ಶಾಲೆಯ ಪ್ರಮಾಣಪತ್ರ ಬೇಕೆಂಬ ನಿಯಮ ಆಗಷ್ಟೇ ಬಂದಿತ್ತು. ಹೊತ್ತಿಗೆ ಸರಿಯಾಗಿ ಬಾರದವನಿಗೆ ಅಂದು ಪಾಠವಿಲ್ಲ. ಬಂದವನಿಗೆ, ಲಾರಿಯ ಬಾಗಿಲು ತಟ್ಟುತ್ತ, ದಿನವೂ ಒಂದೇ ಮಾತು: “ಕನ್ನಡಿ ನಂಬಬ್ಯಾಡ, ಇಳದು ನೋಡು.” ಕಬ್ಬು ಹೇರಿದ ಲಾರಿಯ ಹಿಂದೆ ಯಾರಿದ್ದಾರೆಂದು ಕನ್ನಡಿಯಲ್ಲಿ ಕಾಣುವುದಿಲ್ಲ.

ಸ್ವಂತ ಮಗ ಇಳಿದು ನೋಡದೆ ಲಾರಿಯನ್ನು ಹಿಂದಕ್ಕೆ ತೆಗೆದನೆಂದು ಅವನಿಗೂ ಪ್ರಮಾಣಪತ್ರ ಕೊಡಲಿಲ್ಲ.

“ಬಂದ ನೌಕರಿ ಹೋಕ್ಕೈತ್ರಿ, ಕೊಟ್ಟಬಿಡ್ರಿ,” ಎಂದು ಹೆಂಡತಿ ಬೇಡಿಕೊಂಡರು.

“ನೌಕರಿ ಮತ್ತೊಂದ ಸಿಗತೈತಿ. ಯಾರರ ಗಾಲಿಗೆ ಸಿಕ್ರ ಅವರ ಜೀವಾ ಹೊಳ್ಳಿ ತರ್ತಿಯೇನ?”

ಮಗ ಸಿಟ್ಟಿನಿಂದ ನಿಪ್ಪಾಣಿಗೆ ಹೋಗಿ ಬೇರೆ ಶಾಲೆ ಸೇರಿದ, ಲೈಸೆನ್ಸ್ ಪಡೆದ, ನೌಕರಿಯನ್ನೂ ಹಿಡಿದ.

ಅವನು ಮೊದಲ ಸಲ ಕಬ್ಬು ತಂದ ದಿನ ನಾನು ಸಕ್ಕರೆ ಕಾರ್ಖಾನೆಯಲ್ಲಿ ತೂಕದ ಕೆಲಸದಲ್ಲಿದ್ದೆ. ಕಬ್ಬು ಇಳಿಸಲು ಲಾರಿಯನ್ನು ಹಿಂದಕ್ಕೆ ಒಯ್ಯಬೇಕಿತ್ತು. ಎಲ್ಲಿಂದಲೋ ಬಂದ ಮಾಸ್ತರರು ಮಗನಿಗೆ ಕಾಣದಂತೆ ಸರಿಯಾಗಿ ಅದರ ಹಿಂದೆಯೇ ನಿಂತರು.

“ಮಾಸ್ತರ್ರ, ಬಾಜೂಕ ಸರೀರಿ! ಅಂವ ಹಿಂದ ತಗೀತಾನ!” ಎಂದೆ.

ಅವರು ಕೈಸನ್ನೆಯಿಂದ ನನ್ನನ್ನು ಸುಮ್ಮನಿರಿಸಿದರು. ಎಂಜಿನ್ ಶುರುವಾಯಿತು. ಅವರು ಕದಲಲಿಲ್ಲ. ಆಮೇಲೆ ಬಾಗಿಲು ತೆರೆದ ಸದ್ದು ಕೇಳಿಸಿತು. ಇಳಿದು ಹಿಂದೆ ಬಂದ ಮಗ ಅಪ್ಪನನ್ನು ಕಂಡು ಬೆಚ್ಚಿಬಿದ್ದ.

“ಇಲ್ಲೇನ ಮಾಡಾಕತ್ತಿ ಅಪ್ಪಾ? ಸಾಯಾಕ ಬಂದಿಯೇನ?”

“ಕಬ್ಬ ಹೆಂಗೈತಿ ನೋಡಾಕ ಬಂದಿದ್ನಿ,” ಎಂದ ಮಾಸ್ತರರು ಪಕ್ಕಕ್ಕೆ ಸರಿದು, “ಹಾಂ, ತಗೀ ಇನ್ನ,” ಎಂದು ಎರಡೂ ಕೈ ಬೀಸಿ ಲಾರಿಯನ್ನು ಹಿಂದಕ್ಕೆ ಕರೆಯತೊಡಗಿದರು.